ಮರಕ್ಕೊಂದು ಬದಿ, ಕಬ್ಬಿಣಕ್ಕೊಂದು ಬದಿ

ಕೇಳುಗರೆಲ್ಲರಿಗೂ ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ದನ ಇಲ್ಲದ ಹಟ್ಟಿಗಳು ಈಗ ಎಷ್ಟೋ ಇವೆ. ಅಲ್ಲೇ ಕೈಕೆಲಸ ಮಾಡುವವರೂ ಇದ್ದೀರಿ. ಬಹಳ ಸಂತೋಷ. ಆದರೆ ಒಂದೇ ಮೇಜಿನ ಮೇಲೆ ಬೆಳಿಗ್ಗೆ ಹಲಸಿನ ಹಲಗೆ, ಸಂಜೆ ಗೇಟಿನ ಸರಳು! ಅದು ಬೇಡ. ಮರಕ್ಕೊಂದು ಬದಿ, ಕಬ್ಬಿಣಕ್ಕೊಂದು ಬದಿ. ನಾನು ಹೇಳಲು ಬಂದದ್ದು ಇಷ್ಟೇ.

ಯಾಕೆ ಅಂತೀರಾ? ನಮ್ಮ ನೆರೆಮನೆಯವರು ಸಾಗುವಾನಿ ಬಾಗಿಲು ಮಾಡಿಸಿದರು. ಆಚಾರಿಯವರು ಕೀಸುಳಿ ಹಾಕಿ, ಮರಳುಕಾಗದದಲ್ಲಿ ಉಜ್ಜಿ, ಪಾಲಿಷ್ ಒಂದು ಬಾಕಿ ಇಟ್ಟು ಹೋದರು. ಅದೇ ಸಂಜೆ ಕಿಟಕಿ ಸರಳು ಕತ್ತರಿಸಲು ಬಂದ ಹುಡುಗ ಪಕ್ಕದಲ್ಲೇ ಗ್ರೈಂಡರ್ ಹಿಡಿದ. ಕಿಡಿ ಬಾಗಿಲ ಕಡೆಗೇ ಹಾರಿತು. ಆಗ ಏನೂ ಕಾಣಲಿಲ್ಲ. ಜೂನ್ ತಿಂಗಳು, ರಾತ್ರಿಯಿಡೀ ಮಳೆ. ಎರಡು ದಿನ ಕಳೆದು ನೋಡಿದರೆ ಬಾಗಿಲ ತುಂಬ ಸಾಸಿವೆ ಗಾತ್ರದ ಕಪ್ಪು ಚುಕ್ಕಿ! ಮರದಲ್ಲೇ ದೋಷ ಅಂತ ಮಿಲ್ಲಿನವರಿಗೆ ಬೈಗುಳ, ಆಚಾರಿಯವರಿಗೂ ಬೈಗುಳ. ನನ್ನನ್ನು ಕರೆದರು. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ಬಾಗಿಲ ಬುಡದಲ್ಲಿ ಆಡಿಸಿದೆ. ಗಡ್ಡ ಬೆಳೆದ ಹಾಗೆ ಕಬ್ಬಿಣದ ಹುಡಿ ಮೆತ್ತಿಕೊಂಡು ಬಂತು. ಎಲ್ಲರೂ ಸುಮ್ಮನಾದರು.

ಮರದಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಕಬ್ಬಿಣ ಮತ್ತು ತೇವ ಸೇರಿದರೆ ಅದು ಕಪ್ಪಾಗುತ್ತದೆ. ಮರದ ತಪ್ಪಲ್ಲ, ಆಚಾರಿಯ ತಪ್ಪೂ ಅಲ್ಲ. ಆಕ್ಸಾಲಿಕ್ ಆಮ್ಲದ ನೀರಿನಿಂದ ಒರಸಿ, ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಚುಕ್ಕಿ ಹೋಯಿತು. ಆ ಆಮ್ಲ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ.

ಹಾಗಾದರೆ ಜಾಗ ಹೇಗೆ ಹಂಚುವುದು? ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ. ಮರದ ಕೆಲಸ ಪಡುವಣ ಬದಿಗಿರಲಿ, ಗ್ರೈಂಡರ್, ವೆಲ್ಡಿಂಗ್ ಮೂಡಣ ಬಾಗಿಲ ಹತ್ತಿರ. ಕಿಡಿ ಹೊರಗೆ ಹಾರಲಿ. ನಡುವೆ ಒಂದು ತಗಡು ನಿಲ್ಲಿಸಿದರೂ ಸಾಕು. ಜಾಗ ಚಿಕ್ಕದು ಅಂತೀರಾ? ಹಾಗಾದರೆ ದಿನ ಬೇರೆ ಮಾಡಿ. ಮರದ ದಿನ ಮರ, ಕಬ್ಬಿಣದ ದಿನ ಕಬ್ಬಿಣ, ನಡುವೆ ಪೂರ್ತಿ ಗುಡಿಸಬೇಕು. ಮರದ ಹುಡಿಯ ರಾಶಿಯೊಳಗೆ ಬಿದ್ದ ಕಿಡಿ ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತದೆ. ಬೆಂಕಿ ಏಳುವಾಗ ನೀವು ಮಲಗಿರುತ್ತೀರಿ, ಗೊತ್ತಾಯಿತಲ್ವಾ?

ಸಮಯ ಆಯಿತು ಅನ್ನುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಬ್ರಷ್ಷು, ಮರಳುಕಾಗದ, ಒರಸುವ ಬಟ್ಟೆ ಎಲ್ಲವೂ ಎರಡೆರಡು ಇರಲಿ. ಕಬ್ಬಿಣದ ಬದಿಯ ಎಣ್ಣೆ ತಾಗಿದ ಮರಕ್ಕೆ ಪಾಲಿಷ್ ಹಿಡಿಯುವುದಿಲ್ಲ. ಉಳಿಯನ್ನು ಗ್ರೈಂಡರಿಗೆ ಕೊಟ್ಟಾಗ ಆಗಾಗ ನೀರಿನಲ್ಲಿ ಅದ್ದಿ. ತುದಿ ನೀಲಿಯಾದರೆ ಗಡಸು ಹೋಯಿತು ಅಂತಲೇ ಅರ್ಥ. ಅಗಸೆ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ. ನಮಸ್ಕಾರ.