ಎಡಗೈಯಿಂದ ಶುರು ಮಾಡ್ರಿ: ಸಣ್ಣ ಹುಡುಗೂರಿಗೆ ಪಿಯಾನೊ ಪಾಠ

ನಮಸ್ಕಾರ್ರೀ. ಎಸ್ಸೆಸ್ಸೆಲ್ಸಿ, ಪಿಯುಸಿ ಓದ್ಕೋತ ಓಣಿಯ ಸಣ್ಣ ಹುಡುಗೂರಿಗೆ ಪಿಯಾನೊ ಕಲಿಸ್ಬೇಕು ಅನ್ನೋರಿಗೆ ಈ ವಿಡಿಯೋ. ನಿಮಗ ನುಡಿಸಾಕ ಬರ್ತದ ಅಂತ ತಿಳ್ಕೊಂಡೇ ಮಾತಾಡ್ತೀನಿ. ಕಲಿಸೋದು ಬ್ಯಾರೆ ಕೆಲಸ.

ಕಲಬುರಗಿಯೊಳಗ ಪಿಯಾನೊ ಕ್ಲಾಸ್ ಅಂದ್ರ ಹೆಚ್ಚಾಗಿ 61 ಕೀ ಇರೋ ಕೀಬೋರ್ಡೇ. ಮೊದಲ ವರ್ಷಕ್ಕ ಅಷ್ಟು ಸಾಕು, ಪೂರ್ತಿ ಪಿಯಾನೊದಂಗ 88 ಬೇಕಿಲ್ಲ. ಆದ್ರ ಟಚ್ ರೆಸ್ಪಾನ್ಸ್ ಇರಲೇಬೇಕು. ಅದಿಲ್ಲದ ಆಟಿಕಿ ಕೀಬೋರ್ಡ್ ಮ್ಯಾಲ ಎಷ್ಟು ಮೆತ್ತಗ ಒತ್ತಿದ್ರೂ ಒಂದೇ ದನಿ.

ಕೀಬೋರ್ಡ್ ಇಡೋ ಎತ್ತರ ನೋಡ್ರಿ. ಊಟದ ಟೇಬಲ್ಲೇ ಸುಮಾರು 75 ಸೆಂಟಿಮೀಟರ್, ಮ್ಯಾಲ ಕೀಬೋರ್ಡ್ ಇಟ್ರ ಆರು ವರ್ಷದ ಹುಡುಗಿಯ ಭುಜ ಕಿವಿಗೆ ಹತ್ತತಾವ. ಕುರ್ಚಿ ಮ್ಯಾಲ ಕೌದಿ ಮಡಚಿ ಹಾಕ್ರಿ, ಮೊಣಕೈ ಕೀ ಮಟ್ಟಕ್ಕ ಬರೋವರೆಗೂ. ಆಗ ಕಾಲು ಜೋತಾಡ್ತಾವ, ಕೆಳಗ ಮಣಿ ಇಡ್ರಿ. ಕಾಲಿಗೆ ಆಧಾರ ಇಲ್ಲಂದ್ರ ಮೈ ಮುಂದಕ್ಕ ಬಗ್ಗಿ ಮಣಿಕಟ್ಟು ಕುಸೀತದ. ಎಕ್ಸ್ ಸ್ಟ್ಯಾಂಡ್ ಇದ್ರ ಶಹಾಬಾದಿ ಫರಸಿ ಮ್ಯಾಲ ಜಾರ್ತದ, ಅದರ ಕೆಳಗ ಚಾಪಿ ಹಾಸ್ರಿ.

ಈಗ ಮುಖ್ಯ ಮಾತು. ನಮ್ಮ ಕಡೆ ಭಾಳ ಹುಡುಗೂರು ಮೊದಲು ಕೀ ನೋಡೋದು ಭಜನಿ ಮಂಡಳಿಯ ಪೇಟಿ, ಅಂದ್ರ ಹಾರ್ಮೋನಿಯಂ ಮ್ಯಾಲ. ಪೇಟಿ ನುಡಿಸುವಾಗ ಬಲಗೈ ಸ್ವರ ಹಿಡೀತದ, ಎಡಗೈ ಗಾಳಿ ಹಾಕ್ತದ. ಅದಕ್ಕ ಅಂಥ ಹುಡುಗ ಬಂದ್ರ ಬಲಗೈ ಓಡ್ತದ, ಎಡಗೈ ತೊಡಿ ಮ್ಯಾಲ ಕುಂತಿರ್ತದ. ಅದರ ಜೊತಿಗೆ ಇನ್ನೊಂದು ಚಟ: ಪೇಟಿಯೊಳಗ ದನಿ ಜೋರಾಗೋದು ಗಾಳಿಯಿಂದ, ಬೆರಳಿನಿಂದಲ್ಲ. ಪಿಯಾನೊದಾಗ ಕೀ ಎಷ್ಟು ಲಗೂ ಕೆಳಗ ಹೋಗ್ತದ ಅನ್ನೋದ್ರ ಮ್ಯಾಲ ದನಿ. ಪೇಟಿ ಕಲಿತವರು ಬೆರಳು ಚಪ್ಪಟಿ ಇಟ್ಟು, ಹಿಂದಿನ ಕೀ ಬಿಡದೇ ಮುಂದಿಂದು ಒತ್ತತಾರ. ಎರಡು ಸ್ವರ ಕಲಸಿ ಹೋಗ್ತಾವ.

ಹಂಗಾಗಿ ಮೊದಲ ಕ್ಲಾಸು ಎಡಗೈದು. ಕರಿ ಕೀಗಳಿಂದ ಶುರು ಮಾಡ್ರಿ. 61 ಕೀಯೊಳಗ ಎರಡರ ಗುಂಪು ಐದು, ಮೂರರ ಗುಂಪು ಐದು. ಕಣ್ಣು ಮುಚ್ಚಿ ಕೈಯಿಂದ ತಡವಿ ಹುಡುಕ್ಲಿ. ಎರಡರ ಗುಂಪಿಗೆ ಎಡಗೈಯ 2, 3ನೇ ಬೆರಳು, ಮೂರರ ಗುಂಪಿಗೆ 2, 3, 4. ಉದ್ದ ಬೆರಳು ಕರಿ ಕೀ ಮ್ಯಾಲ ಕುಂತ್ರ ಅಂಗೈ ತಾನೇ ಗುಮ್ಮಟದಂಗ ಆಗ್ತದ. ಎರಡೂ ಕೈಗೆ ಹೆಬ್ಬೆರಳೇ 1. ಎಡದಿಂದ ಎಣಿಸೋ ರೂಢಿಗೆ ಹುಡುಗೂರು ಎಡಗೈ ಕಿರುಬೆರಳಿಗೆ 1 ಅಂತಾರ, ಹಾಳಿ ಮ್ಯಾಲ ಕೈ ಇಟ್ಟು ಗೀರಿ ನಂಬರ್ ಬರಸ್ರಿ.

ಕೀ ಮ್ಯಾಲ ಎ, ಬಿ, ಸಿ ಸ್ಟಿಕರ್ ಹಚ್ಚಬ್ಯಾಡ್ರಿ. ಸ್ಟಿಕರ್ ಓದಾಕ ಕಲೀತಾರ, ಕೀ ಅಲ್ಲ. ಎರಡರ ಗುಂಪಿನ ಎಡಕ್ಕ ಇರೋ ಬಿಳಿ ಕೀ ಸಿ, ಮೂರರ ಗುಂಪಿನ ಎಡಕ್ಕ ಎಫ್. ಅಷ್ಟು ಗೊತ್ತಾದ್ರ ಉಳಿದಿದ್ದು ಎಣಿಸ್ಕೋತಾರ.

ಮೊದಲೇ ಟಿಕ್ ಟಿಕ್ ಅಂತ ಲಯ ತೋರಿಸೋ ಮೆಟ್ರೋನೋಮ್ ಹಾಕಿದ್ರ ಹುಡುಗೂರು ಗಾಬರಿ ಆಗ್ತಾರ. ಚಪ್ಪಾಳಿ ತಟ್ಟಿಸ್ರಿ: ಒಂದು ಮಾತ್ರೆಗೆ ಒಂದು ಸ್ವರ ಇದ್ರ ತಾ, ಎರಡಿದ್ರ ತಕ, ನಾಕಿದ್ರ ತಕಧಿಮಿ. ಬಾಯಾಗ ಬಂದ ಮ್ಯಾಲೇ ಬೆರಳಿಗೆ.

ಮಧ್ಯದ ಸಿ ಮ್ಯಾಲ ಎರಡೂ ಹೆಬ್ಬೆರಳು ಇಟ್ಟು ಕಲಿಸೋ ಪದ್ಧತಿ ಛಲೋನೇ, ಆದ್ರ ಒಂದೂವರೆ ತಿಂಗಳು ಅದರಾಗೇ ಇದ್ರ ಹುಡುಗನ ತಲಿಯೊಳಗ "ಹೆಬ್ಬೆರಳು ಅಂದ್ರ ಸಿ" ಅಂತ ಕುಂತುಬಿಡ್ತದ. ಅದೇ ಐದು ಸ್ವರದ ಹಾಡು ಜಿ ಇಂದ ನುಡಿಸಾಕ ಹಚ್ರಿ. ಇದು ಹೊಸಾ ಟೀಚರುಗಳು ಬಿಡೋ ಹೆಜ್ಜಿ.

ಐದಾರು ವರ್ಷದವರಿಗೆ ಕ್ಲಾಸು 25 ನಿಮಿಷ, ದೊಡ್ಡವರಿಗೆ ಅರ್ಧ ತಾಸು. ಮನ್ಯಾಗ ದಿನಾ ಹತ್ತು ನಿಮಿಷ ನುಡಿಸೋದು ಐತವಾರ ಒಂದೇ ತಾಸು ಕುಂಡ್ರೋದಕ್ಕಿಂತ ಮೇಲು. ಏಪ್ರಿಲ್, ಮೇ ಬಿಸಲಿಗೆ ಮಧ್ಯಾಹ್ನದ ಕ್ಲಾಸು ಬ್ಯಾಡ, ಬೆಳಗ್ಗೆ ಏಳಕ್ಕ ಇಡ್ರಿ. ಕರೆಂಟ್ ಹೋದ್ರ ನಡಿಲಿ ಅಂತ ಸೆಲ್ ಹಾಕಿ ಇಟ್ಟಿರ್ರಿ. ಬ್ಯಾರೆ ಕಂಪನಿ ಅಡಾಪ್ಟರ್ ಚುಚ್ಚೋ ಮುಂಚೆ ವೋಲ್ಟ್ ಜೊತಿಗೆ ಪ್ಲಸ್-ಮೈನಸ್ ಗುರುತೂ ನೋಡ್ರಿ, ಪಿನ್ ಕೂತ್ರೂ ಗುರುತು ಉಲ್ಟಾ ಇರಬಹುದು. ಎಲ್ಲಾ ಸ್ವರ ಒಮ್ಮೆಲೇ ಬ್ಯಾರೆ ಕೇಳಿಸಿದ್ರ ಕೆಟ್ಟದ ಅನ್ಕೋಬ್ಯಾಡ್ರಿ, ಯಾರೋ ಎಲ್ಲಾ ಸ್ವರ ಮ್ಯಾಲ-ಕೆಳಗ ಸರಿಸೋ ಟ್ರಾನ್ಸ್‌ಪೋಸ್ ಬಟನ್ ಒತ್ತ್ಯಾರ. ಸೊನ್ನಿಗೆ ತರ್ರಿ.

ಅಪ್ಪ-ಅವ್ವ ಬಂದು "ಯಾವಾಗ ಹಾಡು ನುಡಿಸ್ತಾನ್ರಿ" ಅಂತ ಕೇಳೇ ಕೇಳ್ತಾರ. ಮೊದಲ ದಿನಾನೇ ಹೇಳಿಬಿಡ್ರಿ: ಒಂದು ತಿಂಗಳಿಗೆ ಎರಡು ಕೈಲೆ ಐದು ಸ್ವರದ ಸಣ್ಣ ಧಾಟಿ, ಅಷ್ಟೇ. ಪರೀಕ್ಷೆ ಬೇಕಂದ್ರ, ಟ್ರಿನಿಟಿ ಕಾಲೇಜ್ ಲಂಡನ್‌ನವರ 1ನೇ ಗ್ರೇಡಿಗಿಂತ ಮೊದಲು ಇನಿಷಿಯಲ್ ಅಂತ ಒಂದು ಮಟ್ಟ ಅದ. ಅವರಲ್ಲಿ ಪಿಯಾನೊ ಬ್ಯಾರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬ್ಯಾರೆ. ಕೀಬೋರ್ಡ್ ಪರೀಕ್ಷೆಯೊಳಗ ಎಡಗೈ ಕಾರ್ಡ್ (ಒಮ್ಮೆಲೇ ಒತ್ತೋ ಮೂರ್ನಾಕು ಸ್ವರ) ಹಿಡಿದ್ರ ತಾಳ-ವಾದ್ಯ ತಾನೇ ನುಡೀತದ, ಪಿಯಾನೊದಾಗ ಎಡಗೈ ಎಲ್ಲಾ ತಾನೇ ಮಾಡ್ಬೇಕು. ಯಾವ್ದು ಬೇಕು ಅಂತ ಫೀಸ್ ತಗೊಳ್ಳೋಕ್ಕಿಂತ ಮುಂಚೇನೇ ಕೇಳ್ಕೊಳ್ರಿ.