ಹಾರ್ಟ್ ಪ್ರಾಬ್ಲಂ ಇರೋರ ಟ್ರಾವೆಲ್ ಇನ್ಶೂರೆನ್ಸು: ಪಾಲಿಸಿ ಸಿಗುತ್ತೆ, ಕ್ಲೇಮ್ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ಜಯನಗರ, ಬಸವನಗುಡಿ, ಬನಶಂಕರಿ ಕಡೆಯಿಂದೆಲ್ಲ ಬಂದಿದ್ದೀರ, ತುಂಬಾ ಸಂತೋಷ. ನಾನು ಇನ್ಶೂರೆನ್ಸ್ ಕ್ಲೇಮ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆದವಳು, ಅಂದ್ರೆ ಪಾಲಿಸಿ ಮಾರೋ ಕಡೆ ಅಲ್ಲ, ಆಮೇಲೆ ಫೈಲ್ ಬರುತ್ತಲ್ಲ ಆ ಕಡೆ ಕೂತಿದ್ದವಳು. ಅದಕ್ಕೇ ಇವತ್ತು ಯಾವ ಕಂಪನಿ ಒಳ್ಳೇದು ಅಂತ ನಾನು ಹೇಳಲ್ಲ, ಯಾವ ಸಾಲಲ್ಲಿ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹೇಳ್ತೀನಿ.

ಸ್ಟೆಂಟ್ ಹಾಕಿಸಿಕೊಂಡಿರೋರು, ಬೈಪಾಸ್ ಆಗಿರೋರು, ಪೇಸ್‌ಮೇಕರ್ ಇರೋರು ನನ್ನ ಹತ್ರ ಬಂದು ಕೇಳೋ ಮೊದಲನೇ ಪ್ರಶ್ನೆ, ನಮಗೆ ಪಾಲಿಸಿ ಕೊಡ್ತಾರಾ ಅಂತ. ಕೊಡ್ತಾರೆ, ಬಹಳ ಕಡೆ ಕೊಡ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ಅಮೆರಿಕದಲ್ಲಿರೋ ಮಗ ಲ್ಯಾಪ್‌ಟಾಪಲ್ಲಿ ಕಾರ್ಡ್ ನಂಬರ್ ಹಾಕಿದ್ರೆ ಐದು ನಿಮಿಷಕ್ಕೆ ಪಿಡಿಎಫ್ ವಾಟ್ಸಾಪಿಗೆ ಬರುತ್ತೆ. ಆದ್ರೆ ಅಲ್ಲಿ ಎದೆನೋವು ಬಂದು ಆಸ್ಪತ್ರೆಗೆ ಸೇರಿದ ದಿನ ಆ ಪಿಡಿಎಫ್ ಉಪಯೋಗಕ್ಕೆ ಬರುತ್ತಾ ಅನ್ನೋದು ಬೇರೆ ಪ್ರಶ್ನೆ, ನಾವು ಕೇಳಬೇಕಾದ್ದು ಅದು.

ಹೋದ ವರ್ಷ ನಮ್ಮಕ್ಕ ಭಾವ ಕೆನಡಾಗೆ ಮಗಳ ಬಾಣಂತನಕ್ಕೆ ಹೊರಟ್ರು. ಭಾವಂಗೆ ಎರಡು ಸ್ಟೆಂಟ್ ಇದೆ, ಬಿಪಿ ಇದೆ. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಫಾರ್ಮ್ ತುಂಬ್ತಾ ಕೂತಿದ್ವಿ, ಮೊದಲೇ ಇರೋ ಕಾಯಿಲೆ ಏನಾದ್ರೂ ಇದೆಯಾ ಅಂತ ಒಂದು ಪ್ರಶ್ನೆ, ಯೆಸ್ ಒಂದು ಡಬ್ಬಿ, ನೋ ಒಂದು ಡಬ್ಬಿ. ಭಾವ ಅಂದ್ರು, "ನೋ ಹಾಕಮ್ಮ, ಸ್ಟೆಂಟ್ ಹಾಕಿಸಿ ಸರಿಹೋಯ್ತಲ್ಲ, ಈಗ ನಂಗೇನಾಗಿದೆ? ದಿನಾ ಬೆಳಿಗ್ಗೆ ಲಾಲ್‌ಬಾಗಲ್ಲಿ ಎರಡು ರೌಂಡು ಹಾಕ್ತೀನಿ." ನಾನು "ಭಾವ, ನೀವು ಆರೋಗ್ಯವಾಗೇ ಇದ್ದೀರ, ಆದ್ರೆ ದಿನಾ ರಾತ್ರಿ ಊಟ ಆದಮೇಲೆ ಯಾವ ಮಾತ್ರೆ ತಗೋತೀರ ಹೇಳಿ" ಅಂದೆ. ಕ್ಲೋಪಿಡೋಗ್ರೆಲ್, ಆಸ್ಪಿರಿನ್, ಅಟೋರ್ವಾಸ್ಟಾಟಿನ್, ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು, ಕೊಲೆಸ್ಟ್ರಾಲಿಗೆ ಒಂದು. ಆ ಮಾತ್ರೆಗಳಿರೋವರೆಗೂ ಕಂಪನಿ ಲೆಕ್ಕದಲ್ಲಿ ಕಾಯಿಲೆ ಇದೆ ಅಂತಾನೇ. ಸ್ಟೆಂಟ್ ಆ ಒಂದು ಬ್ಲಾಕ್ ತೆಗೀತು ಅಷ್ಟೇ, ರಕ್ತನಾಳದ ಕಾಯಿಲೆ ಇರೋ ಮನುಷ್ಯ ಅನ್ನೋದು ದಾಖಲೆಯಿಂದ ಹೋಗಲ್ಲ. ಯೆಸ್ ಹಾಕಿದ್ವಿ, ಪ್ರೀಮಿಯಂ ಏರಿತು, ಭಾವಂಗೆ ಸ್ವಲ್ಪ ಬೇಜಾರೂ ಆಯ್ತು.

ನೋ ಅಂತ ಹಾಕಿ ಪ್ರೀಮಿಯಂ ಉಳಿಸೋದು ಮಜ್ಜಿಗೆಗೆ ಹೋಗಿ ಚೊಂಬು ಬಚ್ಚಿಟ್ಟ ಹಾಗೆ. ಯಾಕಂದ್ರೆ ಕ್ಲೇಮ್ ಬಂದ ದಿನ ಕಂಪನಿಯವರು ಮೊದಲು ಕೇಳೋದೇ ಹಳೇ ಡಿಸ್ಚಾರ್ಜ್ ಸಮ್ಮರಿ, ಅಂದ್ರೆ ಆಸ್ಪತ್ರೆಯಿಂದ ಬಿಡುವಾಗ ಕೊಡೋ ಚಿಕಿತ್ಸೆಯ ವಿವರ. ಅಲ್ಲಿನ ಎಮರ್ಜೆನ್ಸಿ ಡಾಕ್ಟ್ರಿಗೆ ನೀವೇ ಹೇಳಿರ್ತೀರ, ನಂಗೆ ಎರಡು ವರ್ಷದ ಹಿಂದೆ ಆಂಜಿಯೋಪ್ಲಾಸ್ಟಿ (ಸ್ಟೆಂಟ್ ಹಾಕೋ ಚಿಕಿತ್ಸೆ) ಆಗಿದೆ ಅಂತ, ಹೇಳಲೇಬೇಕು ತಾನೆ, ಜೀವದ ಪ್ರಶ್ನೆ, ಅವರು ಅದನ್ನ ಕೇಸ್ ಶೀಟಲ್ಲಿ ಬರೆದಿರ್ತಾರೆ, ಆ ಶೀಟು ನೇರ ಕಂಪನಿಗೆ ಹೋಗುತ್ತೆ. ಆಗ ಹಾರ್ಟಿನ ಖರ್ಚು ಮಾತ್ರ ಅಲ್ಲ, ಪೂರ್ತಿ ಪಾಲಿಸೀನೇ ರದ್ದು ಅನ್ನಬಹುದು ಅವರು.

ನಿಜ ಹೇಳಿದವರ ಪರ ಕಾನೂನು ಹೇಗೆ ನಿಲ್ಲುತ್ತೆ ಅನ್ನೋದಕ್ಕೆ ಒಂದು ಕೇಸು ಹೇಳ್ತೀನಿ, ಇದು ಎಲ್ಲರಿಗೂ ಗೊತ್ತಿರಬೇಕು. 2009ರಲ್ಲಿ ಒಬ್ಬರು ಮದುವೆಗೆ ಅಂತ ಅಮೆರಿಕಕ್ಕೆ ಹೊರಟ್ರು, ಇಲ್ಲೇ ಓವರ್‌ಸೀಸ್ ಮೆಡಿಕ್ಲೇಮ್, ಅಂದ್ರೆ ಹೊರದೇಶದ ಆಸ್ಪತ್ರೆ ಖರ್ಚಿನ ಪಾಲಿಸಿ ತಗೊಂಡ್ರು, ಕಂಪನಿ ಕೇಳಿದ ಮೆಡಿಕಲ್ ಟೆಸ್ಟ್ ಮಾಡಿಸಿದ್ರು, ಡಯಾಬಿಟಿಸ್ ಇದೆ ಅಂತ ಹೇಳಿದ್ರು. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಲ್ಲಿ ಇಳೀತಿದ್ದ ಹಾಗೆ ಬೆವರು, ಸುಸ್ತು, ಆಸ್ಪತ್ರೆಗೆ ಸೇರಿಸಿ ಮೂರು ಸ್ಟೆಂಟ್ ಹಾಕಿದ್ರು. ಬಿಲ್ಲು 2 ಲಕ್ಷ ಡಾಲರ್‌ಗಿಂತ ಜಾಸ್ತಿ. ಕಂಪನಿಯವರು ಕೊಡಲ್ಲ ಅಂದ್ರು, ಮೊದಲೇ ಡಯಾಬಿಟಿಸ್, ಕೊಲೆಸ್ಟ್ರಾಲ್ ಇತ್ತು, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ತಗೋತಿದ್ದದ್ದನ್ನ ಹೇಳಿಲ್ಲ ಅಂತ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಸೋತ್ರು ಅವರು. ಕೊನೆಗೆ 2021ರ ಡಿಸೆಂಬರ್ 6ಕ್ಕೆ ಸುಪ್ರೀಂ ಕೋರ್ಟಲ್ಲಿ ಗೆದ್ರು, ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆರೋಗ್ಯದ ಸ್ಥಿತಿ ಎಲ್ಲ ನೋಡಿ ಪಾಲಿಸಿ ಕೊಟ್ಟ ಮೇಲೆ, ಗ್ರಾಹಕರು ಮೊದಲೇ ತಿಳಿಸಿದ್ದ ಅದೇ ಕಾಯಿಲೆ ತೋರಿಸಿ ಕ್ಲೇಮ್ ತಿರಸ್ಕರಿಸೋಕೆ ಆಗಲ್ಲ ಅಂತ ಕೋರ್ಟು ಹೇಳ್ತು. ಹನ್ನೆರಡು ವರ್ಷ ಹಿಡೀತು ನೋಡಿ. ಅವರು ಡಯಾಬಿಟಿಸ್ ಕಾಲಂ ಖಾಲಿ ಬಿಟ್ಟಿದ್ದಿದ್ರೆ ಆ ವಾದಕ್ಕೆ ಆಧಾರಾನೇ ಇರ್ತಿರಲಿಲ್ಲ.

ಸರಿ, ಯೆಸ್ ಹಾಕಿದ್ವಿ, ಪಾಲಿಸಿ ಕೊಟ್ರು, ಅಷ್ಟಕ್ಕೇ ಹಾರ್ಟು ಕವರ್ ಆಯ್ತು ಅಂದ್ಕೋಬೇಡಿ. ಇಲ್ಲೇ ಬಹಳ ಜನ ಏಮಾರೋದು. ಕಂಪನಿಗೆ ಹೇಳೋದು ಒಂದು, ಅವರು ಒಪ್ಪಿಕೊಂಡು ಕವರ್ ಮಾಡೋದು ಇನ್ನೊಂದು. ನೀವು ನಿಜ ಹೇಳಿದ್ದೀರ, ಅವರೂ ಪಾಲಿಸೀಲಿ ಮೊದಲೇ ಇರೋ ಕಾಯಿಲೆ ಹೊರತುಪಡಿಸಿ ಅಂತ ಬರೆದಿದ್ದಾರೆ, ಆಗ ಕಾಲು ಮುರಿದ್ರೆ ಕೊಡ್ತಾರೆ, ಎದೆನೋವಿಗೆ ಕೊಡಲ್ಲ. ನಮ್ಮ ದೇಶದ ಕೆಲವು ಪಾಲಿಸೀಲಿ ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಅಂತ ಇರುತ್ತೆ, ಅದಕ್ಕೂ ಒಂದು ಮಿತಿ. ಮೇಲೆ ದೊಡ್ಡದಾಗಿ 1 ಲಕ್ಷ ಡಾಲರ್ ಅಂತ ಬರೆದಿರ್ತಾರೆ, ಒಳಗೆ ಹೋದ್ರೆ ಮೊದಲೇ ಇರೋ ಕಾಯಿಲೆಗೆ ಅದರಲ್ಲಿ ಸಣ್ಣ ಪಾಲು. ಅರವತ್ತು ದಾಟಿದವರಿಗೆ ರೂಮು, ಐಸಿಯು, ಆಪರೇಷನ್ ಒಂದೊಂದಕ್ಕೂ ಬೇರೆ ಬೇರೆ ಮಿತಿ ಹಾಕಿರೋ ಪಾಲಿಸಿಗಳೂ ಇವೆ. ಇನ್ನೊಂದು, ಪರಿಸ್ಥಿತಿ ಹತೋಟಿಗೆ ಬರೋವರೆಗೆ ಮಾತ್ರ ಕೊಟ್ಟು, ಮುಂದಿನ ಚಿಕಿತ್ಸೆ ಊರಿಗೆ ಹೋಗಿ ಮಾಡಿಸಿಕೊಳ್ಳಿ ಅನ್ನೋದೂ ಉಂಟು. ಅದಕ್ಕೇ ಬ್ರೋಶರ್ ನೋಡಿ ತೀರ್ಮಾನ ಮಾಡಬೇಡಿ, ಪಾಲಿಸಿ ವರ್ಡಿಂಗ್ ಅಂತ ಇಪ್ಪತ್ತು ಮೂವತ್ತು ಪುಟದ್ದು ಇರುತ್ತೆ, ಅದನ್ನ ದುಡ್ಡು ಕಟ್ಟೋಕೆ ಮುಂಚೆ ತರಿಸಿಕೊಳ್ಳಿ.

ಒಂದು ಈಮೇಲ್ ಹಾಕಿ, ಇಷ್ಟೇ ಬರೀರಿ: ನನಗೆ ಇಂಥ ತಿಂಗಳಲ್ಲಿ ಆಂಜಿಯೋಪ್ಲಾಸ್ಟಿ ಆಗಿದೆ, ಈ ಈ ಮಾತ್ರೆ ತಗೋತಿದ್ದೀನಿ, ಪ್ರವಾಸದಲ್ಲಿ ಹಾರ್ಟ್ ಅಟ್ಯಾಕ್ ಆದ್ರೆ ಆಸ್ಪತ್ರೆ ಖರ್ಚು ಕೊಡ್ತೀರಾ, ಕೊಟ್ರೆ ಎಷ್ಟರವರೆಗೆ? ಉತ್ತರ ಬರವಣಿಗೆಯಲ್ಲೇ ಬರಲಿ. ಫೋನಲ್ಲಿ "ಎಲ್ಲಾ ಕವರ್ ಆಗುತ್ತೆ ಸಾರ್" ಅಂದ ಹುಡುಗ ಕ್ಲೇಮ್ ಬರೋ ಹೊತ್ತಿಗೆ ಬೇರೆ ಕೆಲಸದಲ್ಲಿರ್ತಾನೆ, ಅವನನ್ನ ಬೈದು ಪ್ರಯೋಜನ ಇಲ್ಲ. ಏಜೆಂಟ್ ಕಂಪನಿ ಕಡೆಯವರು, ಬ್ರೋಕರ್ ಗ್ರಾಹಕರ ಪರ ನಾಲ್ಕು ಕಂಪನಿ ಹೋಲಿಸಿ ನೋಡೋರು, ಹಾರ್ಟಿನ ವಿಷಯ ಇದ್ದಾಗ ಬ್ರೋಕರ್ ಹತ್ರ ಕೇಳೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಈಗ ದೇಶದ ಲೆಕ್ಕಕ್ಕೆ ಬರೋಣ. ವೀಸಾಗೆ ಬೇಕಾದ ಇನ್ಶೂರೆನ್ಸು ಇದ್ರೆ ಸಾಕು ಅನ್ನೋ ನಂಬಿಕೆ ಬಹಳ ಅಪಾಯ. ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಆಗಿ ನಡೆಯೋ ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಕೇಳ್ತಾರೆ. ಅಪ್ಪ ಅಮ್ಮ ಮಕ್ಕಳ ಹತ್ರ ಬಹಳ ದಿನ ಇರೋಕೆ ಕೊಡೋ ಕೆನಡಾದ ಸೂಪರ್ ವೀಸಾಗೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್, ಒಂದು ವರ್ಷದ್ದು. ಮೊದಲೇ ಇರೋ ಕಾಯಿಲೆ ಕವರ್ ಇಲ್ಲದ ಅಗ್ಗದ ಪಾಲಿಸಿ ತೋರಿಸಿದ್ರೂ ವೀಸಾ ಬರಬಹುದು, ವೀಸಾ ಆಫೀಸರಿಗೆ ನಿಮ್ಮ ಸ್ಟೆಂಟ್ ವಿಷಯ ಬೇಕಾಗಿಲ್ಲ.

ಕೆನಡಾ ಪಾಲಿಸಿಗಳಲ್ಲಿ ಸ್ಟೇಬಲ್ ಅಂತ ಒಂದು ಷರತ್ತು ಇರುತ್ತೆ, ಇದನ್ನ ಗಮನ ಇಟ್ಟು ಕೇಳಿ. ಪಾಲಿಸಿ ಶುರುವಾಗೋ ದಿನಕ್ಕೆ ಹಿಂದಿನ 90 ದಿನವೋ 180 ದಿನವೋ ಕಾಯಿಲೆ ಒಂದೇ ಸ್ಥಿತೀಲಿ ಇರಬೇಕು: ಹೊಸ ಲಕ್ಷಣ ಇರಬಾರದು, ಆಸ್ಪತ್ರೆಗೆ ಸೇರಿರಬಾರದು, ಹೊಸ ಮಾತ್ರೆ ಶುರು ಆಗಿರಬಾರದು, ಡೋಸ್ ಬದಲಾಗಿರಬಾರದು. ಬಹಳ ಪಾಲಿಸೀಲಿ ಡೋಸ್ ಕಮ್ಮಿ ಮಾಡಿದ್ರೂ ಬದಲಾವಣೆ ಅಂತಾನೇ ಲೆಕ್ಕ. ಭಾವಂಗೆ ಹೊರಡೋಕೆ ಇನ್ನೂ ಆರು ತಿಂಗಳಿಗಿಂತ ಜಾಸ್ತಿ ಇದ್ದಾಗಲೇ ಕಾರ್ಡಿಯಾಲಜಿಸ್ಟ್ ಹತ್ರ ಕರ್ಕೊಂಡು ಹೋಗಿ, ಎಕೋ (ಹಾರ್ಟಿನ ಸ್ಕ್ಯಾನು), ಟಿಎಂಟಿ (ನಡೆಸಿ ನೋಡೋ ಹಾರ್ಟ್ ಟೆಸ್ಟು) ಎಲ್ಲ ಮಾಡಿಸಿ, ಮಾತ್ರೆ ಬದಲಾಯಿಸೋದಿದ್ರೆ ಈಗಲೇ ಬದಲಾಯಿಸಿ ಡಾಕ್ಟ್ರೇ ಅಂತ ಕೇಳಿದ್ವಿ. ಬಿಪಿ ಮಾತ್ರೆ ಒಂದು ಬದಲಾಯಿಸಿದ್ರು, ಆಮೇಲೆ ಆರು ತಿಂಗಳು ಏನೂ ಬದಲಾಗಲಿಲ್ಲ. ಆದ್ರೆ ಸ್ಟೇಬಲ್ ಕೆಟ್ಟುಹೋಗುತ್ತೆ ಅಂತ ಎದೆನೋವು ಬಂದ್ರೂ ಡಾಕ್ಟ್ರಿಗೆ ಹೇಳದೆ ಮುಚ್ಚಿಟ್ಕೊಂಡು ವಿಮಾನ ಹತ್ತೋ ಹುಚ್ಚು ಕೆಲಸ ದಯವಿಟ್ಟು ಯಾರೂ ಮಾಡಬೇಡಿ, ಟಿಕೆಟ್ ಮುಂದಕ್ಕೆ ಹಾಕಬಹುದು. ಡಾಕ್ಟ್ರು ಬರೆದ ಟೆಸ್ಟನ್ನ ಬಂದಮೇಲೆ ಮಾಡಿಸೋಣ ಅಂತ ಬಿಡೋದೂ ಬೇಡ, ಆ ಚೀಟಿ ಫೈಲಲ್ಲಿ ಇದ್ರೆ ಕ್ಲೇಮಿಗೆ ಅದೇ ಅಡ್ಡ ಬರುತ್ತೆ.

ಅಮೆರಿಕದ ಟೂರಿಸ್ಟ್ ವೀಸಾಗೆ ಇನ್ಶೂರೆನ್ಸ್ ಕಡ್ಡಾಯ ಇಲ್ಲ, ಆದ್ರೆ ಇಲ್ಲದೆ ಹೋಗೋದಂತೂ ಬೇಡವೇ ಬೇಡ. ಎಮರ್ಜೆನ್ಸಿ ಇರೋ ಆಸ್ಪತ್ರೆಗಳು ದುಡ್ಡು ಇಲ್ಲ ಅಂತ ರೋಗಿಯನ್ನ ವಾಪಸ್ ಕಳಿಸೋ ಹಾಗಿಲ್ಲ ಅಂತ ಅಲ್ಲಿ 1986ರ ಕಾನೂನು ಇದೆ, ಚಿಕಿತ್ಸೆ ಕೊಡ್ತಾರೆ, ಬಿಲ್ಲು ಮಗನ ಮನೆ ವಿಳಾಸಕ್ಕೆ ಬರುತ್ತೆ. ಅಲ್ಲಿನ ಕಂಪನಿಗಳ ವಿಸಿಟರ್ ಪಾಲಿಸಿಗಳಲ್ಲಿ ಅಕ್ಯೂಟ್ ಆನ್‌ಸೆಟ್ ಅಂತ ಬರೆದಿರುತ್ತೆ, ಅಂದ್ರೆ ಮೊದಲೇ ಇರೋ ಕಾಯಿಲೆ ಯಾವ ಮುನ್ಸೂಚನೆಯೂ ಇಲ್ಲದೆ ದಿಢೀರ್ ಅಂತ ಕೆರಳಿದ್ರೆ, ಸಾಮಾನ್ಯವಾಗಿ 24 ಗಂಟೆ ಒಳಗೆ ಚಿಕಿತ್ಸೆ ತಗೊಂಡ್ರೆ ಮಾತ್ರ. ಎರಡು ದಿನ ಎದೆ ಹಿಡ್ಕೊಂಡು "ಗ್ಯಾಸ್ಟ್ರಿಕ್ ಇರಬೇಕು ಬಿಡು" ಅಂತ ಮಜ್ಜಿಗೆ ಕುಡ್ಕೊಂಡು ಕೂತ್ರೆ ಜೀವಕ್ಕೂ ಕುತ್ತು, ಕ್ಲೇಮಿಗೂ ಕುತ್ತು. ವಯಸ್ಸಿನ ಮಿತಿನೂ ನೋಡಿ, ಎಪ್ಪತ್ತು ದಾಟಿದ್ರೆ ಈ ಸೌಲಭ್ಯ ಕಮ್ಮಿ ಆಗೋ ಅಥವಾ ಇಲ್ಲವೇ ಇಲ್ಲದ ಪಾಲಿಸಿ ಬಹಳ. ಫಿಕ್ಸೆಡ್ ಬೆನಿಫಿಟ್ ಅನ್ನೋದು ಅಗ್ಗ, ಆದ್ರೆ ಒಂದೊಂದು ಖರ್ಚಿಗೆ ಇಷ್ಟೇ ಅಂತ ಕಟ್ಟಿಟ್ಟಿರ್ತಾರೆ, ಹಾರ್ಟಿನ ಬಿಲ್ಲಿನ ಮುಂದೆ ಅದು ಎಲ್ಲಿಗೂ ಸಾಲಲ್ಲ, ಹಾಗೆ ಒಂದೊಂದಕ್ಕೂ ಕಟ್ಟಿಡದ ಕಾಂಪ್ರಹೆನ್ಸಿವ್ ಪ್ಲಾನೇ ನೋಡಿ.

ಇಂಗ್ಲೆಂಡಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿ ನೋಡೋದು ಫ್ರೀ, ಅಡ್ಮಿಟ್ ಮಾಡಿದ ಮೇಲೆ ನಮ್ಮಂಥ ವಿಸಿಟರ್‌ಗಳಿಗೆ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ 150 ಪರ್ಸೆಂಟ್ ಚಾರ್ಜು. 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿಸಿಕೊಂಡ್ರೆ ಮುಂದಿನ ವೀಸಾಗೆ ತೊಂದರೆ.

ಇಲ್ಲಿನ ನಿಮ್ಮ ಫ್ಯಾಮಿಲಿ ಫ್ಲೋಟರ್, ಅಂದ್ರೆ ಮನೆಯವರಿಗೆಲ್ಲ ಸೇರಿಸಿ ತಗೊಂಡಿರೋ ಹೆಲ್ತ್ ಪಾಲಿಸಿ, ಸಾಮಾನ್ಯವಾಗಿ ಹೊರದೇಶದಲ್ಲಿ ನಡೆಯಲ್ಲ, ಕ್ರೆಡಿಟ್ ಕಾರ್ಡ್ ಜೊತೆ ಬರೋ ಫ್ರೀ ಇನ್ಶೂರೆನ್ಸ್ ನಂಬ್ಕೊಂಡು ಹಾರ್ಟ್ ಪೇಶಂಟ್ ಹೋಗಬಾರದು. ನಮ್ಮ ದೇಶದ ಟ್ರಾವೆಲ್ ಪಾಲಿಸಿ ಇಲ್ಲಿಂದ ಹೊರಡೋಕೆ ಮುಂಚೆನೇ ತಗೋಬೇಕು.

ಜೊತೆಗೆ ಇಟ್ಕೋಬೇಕಾದ ಪೇಪರ್. ನಮ್ಮ ಮನೆಗಳಲ್ಲಿ ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕವರಲ್ಲಿ ಹಳೇ ಇಸಿಜಿ, ರಸೀದಿ, ಎಕ್ಸ್‌ರೇ ಎಲ್ಲ ಸುರುಳಿ ಸುತ್ತಿ ಇಟ್ಟಿರ್ತೀವಲ್ಲ, ಅದನ್ನ ಹಾಗೇ ತಗೊಂಡು ಹೋಗೋದಲ್ಲ. ಡಿಸ್ಚಾರ್ಜ್ ಸಮ್ಮರಿ, ಕೊನೇ ಎಕೋ ರಿಪೋರ್ಟು, ಸ್ಟೆಂಟ್ ಅಥವಾ ಪೇಸ್‌ಮೇಕರ್ ಕಾರ್ಡು, ಪ್ರಯಾಣ ಮಾಡಬಹುದು ಅಂತ ಡಾಕ್ಟ್ರ ಪತ್ರ, ಮಾತ್ರೆಗಳ ಪಟ್ಟಿ. ಪಟ್ಟೀಲಿ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಅಲ್ಲ, ಒಳಗಿರೋ ಔಷಧದ ಹೆಸರು ಬರೆಸಿ, ಇಲ್ಲಿನ ಬ್ರ್ಯಾಂಡ್ ಅಲ್ಲಿನ ಡಾಕ್ಟ್ರಿಗೆ ಗೊತ್ತಿರಲ್ಲ. ಮಾತ್ರೆ ಹ್ಯಾಂಡ್ ಬ್ಯಾಗಲ್ಲಿ. ಪಾಲಿಸಿ ಮೇಲೆ ಇರೋ ಅಸಿಸ್ಟೆನ್ಸ್ ನಂಬರ್, ಅಂದ್ರೆ ಕಂಪನಿಯ ತುರ್ತು ಸಹಾಯದ ಫೋನ್ ನಂಬರ್, ಮಗಳ ಫೋನಲ್ಲೂ ಇರಲಿ, ಫ್ರಿಜ್ ಮೇಲೂ ಅಂಟಿಸಿ. ಮೊದಲು ಆಂಬುಲೆನ್ಸ್, ಅದು ಬಿಟ್ರೆ ಮುಂದಿನ ಕರೆ ಆ ನಂಬರಿಗೆ, ತಡವಾಗಿ ತಿಳಿಸಿದ್ರು ಅಂತ ಎಷ್ಟೋ ಕ್ಲೇಮಿಗೆ ಕತ್ತರಿ ಬೀಳುತ್ತೆ.

ಇಷ್ಟೆಲ್ಲ ಮಾಡಿಯೂ ಕ್ಲೇಮ್ ತಿರಸ್ಕಾರ ಆದ್ರೆ ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ ಅಥವಾ ಒಪ್ಪಿಗೆ ಆಗದಿದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಂದ್ರೆ ಗ್ರಾಹಕರು ಕಂಪನಿ ಮೇಲೆ ಕೊಟ್ಟ ದೂರು ವಿಚಾರಿಸೋ ಅಧಿಕಾರಿ, ಅವರ ಹತ್ರ ಹೋಗಿ. ಬೆಂಗಳೂರಿನ ಆಫೀಸು ಜೆ.ಪಿ. ನಗರ ಮೊದಲ ಹಂತ, 24ನೇ ಮೇನ್, ಜೀವನ್ ಸೌಧದಲ್ಲಿದೆ, ಇಲ್ಲಿಂದ ಆಟೋದಲ್ಲಿ ಹೋಗಿಬರೋ ದೂರ. ಫೀಸ್ ಇಲ್ಲ, ಲಾಯರ್ ಬೇಕಾಗಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ನೋಡ್ತಾರೆ, ಅಲ್ಲಿ ಆದ ಆದೇಶವನ್ನ ಕಂಪನಿ ಪಾಲಿಸಲೇಬೇಕು. ಕಂಪನಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಆ ತಾರೀಖು ಬರೆದಿಟ್ಕೊಳ್ಳಿ. ನಾನು ಹೇಳಿದ ಆ ಈಮೇಲ್, ಅದಕ್ಕೆ ಬಂದ ಉತ್ತರ, ಇವೆರಡರ ಪ್ರಿಂಟೂ ಅರ್ಜಿ ಜೊತೆ ಇಡಿ.

ಪಾಲಿಸಿ ಪೇಪರ್ ತಂದಿರೋರು ಮುಂದಿನ ಸಾಲಿಗೆ ಬನ್ನಿ, ಹೊರತುಪಡಿಸಿದ ಅಂಶಗಳ ಪುಟ ತೆಗೆದಿಡಿ, ಅಲ್ಲಿಂದಲೇ ಓದೋಕೆ ಶುರು ಮಾಡೋಣ.