ಒಂದೇ ಟ್ಯೂಬಿನ ಪ್ರೋಟೀನು, ಲಿಪಿಡ್ಡು

ಹಳೇ ವಿಧಾನದ ಈ ಟ್ಯೂಬನ್ನ ಕ್ಯಾಮೆರಾ ಹತ್ತಿರ ಹಿಡೀತೀನಿ, ನೋಡಿ. ಮೇಲೊಂದು ತಿಳಿ ಪದರ, ಕೆಳಗೊಂದು ತಿಳಿ ಪದರ. ನಡುವೆ ಬೆಳ್ಳಗೆ, ತೆಳ್ಳಗೆ ಒಂದು ಬಿಲ್ಲೆ ಇದೆಯಲ್ಲ, ಅದು ಪ್ರೋಟೀನು. ಕೆಳಗಿನ ಕ್ಲೋರೋಫಾರ್ಮ್ ಪದರದಲ್ಲಿ ಲಿಪಿಡ್‌ಗಳು, ಅಂದ್ರೆ ಕೊಬ್ಬಿನ ಜಾತಿಯ ಅಣುಗಳು, ಕರಗಿವೆ. ಕೆಲಸ ಕಲಿಯೋ ದಿನಗಳಲ್ಲಿ ನಾನು ಲಿಪಿಡ್ ತಗೊಂಡು ಈ ಬಿಲ್ಲೆಯನ್ನ ಎಸೆದುಬಿಡ್ತಿದ್ದೆ. ಪ್ರೋಟೀನ್ ಬೇಕಾದಾಗ ಅದೇ ಅಂಗಾಂಶದಿಂದ ಇನ್ನೊಂದು ತುಂಡು ಕತ್ತರಿಸ್ತಿದ್ದೆ. ಈಗ ನೆನೆಸಿಕೊಂಡ್ರೆ ಸಂಕಟ ಆಗುತ್ತೆ.

ಯಾಕಂದ್ರೆ ಅಕ್ಕಪಕ್ಕದ ಎರಡು ತುಂಡುಗಳೂ ಬೇರೆ ಬೇರೆನೇ. ಒಂದರಲ್ಲಿ ರಕ್ತ ಜಾಸ್ತಿ, ಇನ್ನೊಂದರಲ್ಲಿ ಕೊಬ್ಬಿನ ಕೋಶ ಜಾಸ್ತಿ ಇರಬಹುದು. ಲಿಪಿಡ್ ಕಟ್ಟೋದು ಪ್ರೋಟೀನು, ಒಡೆಯೋದೂ ಪ್ರೋಟೀನು. ಕೋಶಪೊರೆಯಲ್ಲಂತೂ ಎರಡೂ ಒಂದರೊಳಗೊಂದು ಹುದುಗಿರುತ್ತವೆ. ಅಂಥದ್ದನ್ನ ಬೇರೆ ಬೇರೆ ತುಂಡಿನಿಂದ ಅಳೆದು, ಆಮೇಲೆ ಸಂಬಂಧ ಹುಡುಕಿದ್ರೆ ಅದನ್ನ ಎಷ್ಟರ ಮಟ್ಟಿಗೆ ನಂಬೋದು?

ಕ್ಲೋರೋಫಾರ್ಮ್, ಮೆಥನಾಲ್ ಬೆರೆಸಿ ಲಿಪಿಡ್ ತೆಗೆಯೋ ಫಾಲ್ಶ್ ವಿಧಾನ 1957ರದ್ದು. ಇವತ್ತಿಗೂ ನಡೀತಿದೆ. ತೊಂದರೆ ಏನಂದ್ರೆ, ಕೆಳಗಿನ ಲಿಪಿಡ್ ತಲುಪೋಕೆ ಪಿಪೆಟ್ಟಿನ ತುದಿ ಪ್ರೋಟೀನ್ ಬಿಲ್ಲೆಯನ್ನ ತೂರಿಕೊಂಡೇ ಹೋಗಬೇಕು. ಅದಕ್ಕೇ ಇವತ್ತಿನ ಸ್ಯಾಂಪಲ್‌ಗೆ ಎಂಟಿಬಿಇ ಅನ್ನೋ ಈಥರ್ ಹಾಕಿದ್ದೀನಿ. 2008ರಲ್ಲಿ ಪ್ರಕಟವಾದ ವಿಧಾನ. ಇದು ನೀರಿಗಿಂತ ಹಗುರ, ಹಾಗಾಗಿ ಲಿಪಿಡ್ ಮೇಲೆ ಬರುತ್ತೆ, ಪ್ರೋಟೀನ್ ತಳದಲ್ಲಿ ಗಟ್ಟಿಯಾಗಿ ಕೂರುತ್ತೆ. ಸೆಂಟ್ರಿಫ್ಯೂಜಿನಿಂದ ಹೊರಗೆ ತೆಗೆದಾಗ ಈ ದೃಶ್ಯ ನೋಡೋದೇ ನನಗೊಂದು ಖುಷಿ.

ಇಲ್ಲಿಂದ ದಾರಿ ಎರಡಾಗುತ್ತೆ. ಪ್ರೋಟೀನನ್ನ ಯೂರಿಯಾದಲ್ಲಿ ಕರಗಿಸಿ, ಟ್ರಿಪ್ಸಿನ್ ಅನ್ನೋ ಎಂಜೈಮ್ ಹಾಕಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡ್ತೀನಿ. ಲೈಸೀನ್, ಆರ್ಜಿನೀನ್ ಅನ್ನೋ ಅಮೈನೋ ಆಮ್ಲ ಬಂದ ಕಡೆ ಸಾಮಾನ್ಯವಾಗಿ ಅದು ಪ್ರೋಟೀನಿನ ಸರಪಳಿಯನ್ನ ಕತ್ತರಿಸುತ್ತೆ. ಲಿಪಿಡ್‌ಗೆ ಕತ್ತರಿಸೋ ಕೆಲಸ ಇಲ್ಲ. ಒಣಗಿಸಿ, ಮತ್ತೆ ಕರಗಿಸಿ, ಗಾಜಿನ ಸೀಸೆಗೆ ಹಾಕಿದ್ರಾಯ್ತು. ಗಾಜೇ ಯಾಕಂದ್ರೆ, ಈ ದ್ರಾವಕಗಳು ಪ್ಲಾಸ್ಟಿಕ್ಕಿನಿಂದ ಏನೇನೋ ಎಳೆದುಕೊಂಡು ಬರ್ತವೆ.

ಅಣುಗಳನ್ನ ತೂಗೋ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಅದರ ಬಾಯಲ್ಲಿ ಕಾಣ್ತಿರೋ ಈ ಸೂಜಿ ಎಲೆಕ್ಟ್ರೋಸ್ಪ್ರೇ. ದ್ರವ ಸಣ್ಣ ಹನಿಗಳಾಗಿ ಚಿಮ್ಮುತ್ತೆ, ಹನಿ ಆರುತ್ತೆ, ಅಣು ಮುರೀದೆ ಚಾರ್ಜ್ ಹೊತ್ತು ಒಳಗೆ ಹೋಗುತ್ತೆ. ಇದನ್ನ ದೊಡ್ಡ ಜೈವಿಕ ಅಣುಗಳಿಗೆ ಒಗ್ಗಿಸಿದ ಜಾನ್ ಫೆನ್ ಅವರಿಗೆ 2002ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಈಗ ಪರದೆ ನೋಡಿ. ತೂಕ-ಚಾರ್ಜ್ ಅನುಪಾತ 782.57ರ ಹತ್ತಿರ ಒಂದು ಶಿಖರ. ಪಿಸಿ 36:4 ಅನ್ನೋ ಫಾಸ್ಫಟಿಡೈಲ್‌ಕೋಲಿನ್ (ಕೋಶಪೊರೆಯ ಒಂದು ಲಿಪಿಡ್; ಅದರ ಎರಡು ಬಾಲಗಳಲ್ಲಿ ಒಟ್ಟು 36 ಕಾರ್ಬನ್, 4 ಜೋಡಿಬಂಧ) ಪ್ರೋಟಾನ್ ಹೊತ್ತಾಗ ಬರೋದು 782.569ರಲ್ಲಿ. ಆದ್ರೆ ತುಂಬಾ ಸಾಮಾನ್ಯವಾದ ಪಿಸಿ 34:1 ಪ್ರೋಟಾನಿನ ಬದಲು ಸೋಡಿಯಂ ಹೊತ್ತುಕೊಂಡ್ರೆ ಅದರದ್ದು 782.567! ಅಂತರ ಬರೀ 0.0024. ಇವೆರಡನ್ನ ತೂಕದಿಂದಲೇ ಬಿಡಿಸಬೇಕಂದ್ರೆ ಮೂರು ಲಕ್ಷ ದಾಟಿದ ರೆಸಲ್ಯೂಷನ್ ಬೇಕು. ಇಲ್ಲಿ ನಮ್ಮನ್ನ ಕಾಯೋದು ಕ್ರೊಮ್ಯಾಟೋಗ್ರಫಿ, ಅಂದ್ರೆ ಯಂತ್ರಕ್ಕೆ ಬಿಡೋ ಮೊದಲು ಅಣುಗಳನ್ನ ಒಂದು ಕಾಲಮ್ಮಿನಲ್ಲಿ ಹಾಯಿಸಿ ಬೇರ್ಪಡಿಸೋದು. ಸೋಡಿಯಂ ಹೊತ್ತ 34:1, ಪ್ರೋಟಾನ್ ಹೊತ್ತ ತನ್ನದೇ 760.585ರ ಶಿಖರದ ಜೊತೆಗೇ ಕಾಲಮ್ಮಿನಿಂದ ಇಳಿಯುತ್ತೆ. ನಿಜವಾದ 36:4ರಲ್ಲಿ ಜೋಡಿಬಂಧ ಹೆಚ್ಚು, ಹಾಗಾಗಿ ನಮ್ಮ ಸಿ18 ಕಾಲಮ್ಮಿನಿಂದ ಅದು ಮೊದಲೇ ಬರುತ್ತೆ. ಈ ಶಿಖರ ಮೊದಲೇ ಬಂದಿದೆ. ಒಡೆದು ನೋಡಿದಾಗ ಕೋಲಿನ್ ತಲೆಯ 184 ಸಿಕ್ಕಿದೆ. ಬಾಲಗಳಲ್ಲಿ ಒಂದು ಅರಾಕಿಡೋನಿಕ್ ಆಮ್ಲ ಅನ್ನೋದಕ್ಕೂ ನೆಗೆಟಿವ್ ಮೋಡ್‌ನಲ್ಲಿ ಗುರುತು ಸಿಕ್ಕಿದೆ.

ಒಂದೇ ಟ್ಯೂಬಿಗಾಗಿ ಇಷ್ಟು ಒದ್ದಾಡಿದ್ದು ಇದಕ್ಕೇ. ಇಂಥ ಬಾಲವನ್ನ ಫಾಸ್ಫಟಿಡೈಲ್‌ಕೋಲಿನ್‌ಗೆ ಜೋಡಿಸೋ ಒಂದು ಎಂಜೈಮ್ ಎಲ್‌ಪಿಕ್ಯಾಟ್3. ನನ್ನ ಸ್ಯಾಂಪಲ್‌ಗಳಲ್ಲಿ ಈ ಲಿಪಿಡ್ ಕಮ್ಮಿ ಆಗಿದೆ. ಎಂಜೈಮೂ ಕಮ್ಮಿ ಆಗಿದೆಯಾ, ಅಥವಾ ಎಂಜೈಮ್ ಇದ್ದೂ ಅದಕ್ಕೆ ಅರಾಕಿಡೋನಿಕ್ ಆಮ್ಲ ಸಿಗ್ತಿಲ್ವಾ? ಉತ್ತರ ಆ ತಳದ ಪ್ರೋಟೀನಿನಲ್ಲೇ ಇರಬೇಕು.

ಹಾಗಂತ ಇದೇ ಪೂರ್ತಿ ಚಿತ್ರ ಅಲ್ಲ. ಕರಗಿಸಿ, ಕತ್ತರಿಸಿದ ಮೇಲೆ ಯಾವ ಲಿಪಿಡ್ ಯಾವ ಪ್ರೋಟೀನನ್ನ ಅಪ್ಪಿಕೊಂಡಿತ್ತು ಅನ್ನೋದು ಕಳೆದುಹೋಗುತ್ತೆ. ಅದಕ್ಕೆ ಪ್ರೋಟೀನನ್ನ ಬಿಚ್ಚದೆ, ಕತ್ತರಿಸದೆ ಹಾಗೇ ತೂಗೋ ನೇಟಿವ್ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ರಸಾಯನ ವಿಜ್ಞಾನಿ ಕ್ಯಾರಲ್ ರಾಬಿನ್ಸನ್ ಅವರ ತಂಡ 2014ರಲ್ಲಿ, ಲಿಪಿಡ್ ಅಂಟಿಕೊಂಡ ಪೊರೆಪ್ರೋಟೀನುಗಳು ಸುಲಭಕ್ಕೆ ಬಿಚ್ಚಿಕೊಳ್ಳೋದಿಲ್ಲ ಅಂತ ಹಾಗೆ ತೋರಿಸಿತು. ಅದರ ಬಗ್ಗೆ ಇನ್ನೊಂದು ವಿಡಿಯೋನೇ ಮಾಡ್ತೀನಿ.

ಸದ್ಯಕ್ಕೆ ನನ್ನ ಚಿಂತೆ ಬೇರೆ. ಎಲ್‌ಪಿಕ್ಯಾಟ್3 ಪೊರೆಯೊಳಗೆ ಹಲವು ಸಲ ಹಾದುಹೋಗೋ ಪ್ರೋಟೀನು. ಇಂಥವು ಕರಗೋದೂ ಕಷ್ಟ, ಟ್ರಿಪ್ಸಿನ್‌ಗೆ ಕತ್ತರಿಸೋ ಜಾಗ ಸಿಗೋದೂ ಕಮ್ಮಿ. ಅದರ ಎರಡೇ ಎರಡು ಒಳ್ಳೆ ಪೆಪ್ಟೈಡ್, ಅಂದ್ರೆ ಕತ್ತರಿಸಿದ ತುಂಡು, ಸಿಕ್ಕಿದ್ರೂ ಸಾಕು ನನಗೆ. ಟ್ಯೂಬ್‌ಗಳನ್ನ 37 ಡಿಗ್ರಿಯಲ್ಲಿ ಇಟ್ಟಿದ್ದೀನಿ. ಬೆಳಗ್ಗೆ ಮೊದಲು ಬಂದು ಆಮ್ಲ ಹಾಕಿ ಟ್ರಿಪ್ಸಿನ್ ನಿಲ್ಲಿಸಬೇಕು.